ಜನವಾಡದ ಮಾಯಿ

ಹೈದರಾಬಾದಿನ ಕನ್ನಡಿಗರಿಗೆ ಬೀದರಿನ ನಾನಕ ಝೀರಾ ಗೊತ್ತು. ಬಸ್ಸಿಳಿದು ಝರಿಯ ಸಿಹಿನೀರು ಕುಡಿದು, ಲಂಗರಿನಲ್ಲಿ ಊಟ ಮಾಡಿ ವಾಪಸು ಬರ್ತಾರೆ. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದ ಜನವಾಡ ಎಂಬ ಹಳ್ಳಿಯಲ್ಲಿ ಇನ್ನೊಂದು ಗುರುದ್ವಾರ ಇದೆ. ನಮ್ಮಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಅದು ಒಬ್ಬ ಹೆಂಗಸಿನ ನೆನಪಿನ ಸ್ಥಳ. ಆಕೆ ಮಾಯಿ ಭಾಗೋ.

ಆಕೆಯ ತವರು ಅಮೃತಸರದ ಹತ್ತಿರದ ಝಬಾಲ್. ಒಕ್ಕಲುತನದ ಸಿಖ್ ಮನೆತನ. ಗಂಡ ಪಟ್ಟಿ ಎಂಬ ಊರಿನ ನಿಧಾನ್ ಸಿಂಗ್. 1704-05ರಲ್ಲಿ ಮೊಗಲರ ಮತ್ತು ಬೆಟ್ಟದ ರಾಜರ ಸೈನ್ಯ ಆನಂದಪುರವನ್ನು ಮುತ್ತಿ ಕೂತಿತು. ಕೋಟೆಯೊಳಗೆ ಗುರು ಗೋವಿಂದ ಸಿಂಗರ ಕಡೆಯವರಿಗೆ ತಿನ್ನಲು ಏನೂ ಉಳಿಯಲಿಲ್ಲ. ಆಗ ಮಾಝಾ ಪ್ರಾಂತದ ನಲವತ್ತು ಮಂದಿ, ಇನ್ನು ಮೇಲೆ ತಾವು ಅವರ ಶಿಷ್ಯರಲ್ಲ ಎಂದು ಬರೆದುಕೊಟ್ಟು ಮನೆ ದಾರಿ ಹಿಡಿದರು. ಆ ಕಾಗದಕ್ಕೆ ಬೇದಾವಾ ಅಂತ ಹೆಸರು. ನಮ್ಮ ಕೋರ್ಟಿನ ದಾವೆ ಇದೆಯಲ್ಲ, ಅದೇ ಮಾತು. ಯಾವ ಹಕ್ಕೂ ಬಾಕಿ ಉಳಿದಿಲ್ಲ ಎಂಬ ಪತ್ರ. ಹಸಿವಿನಲ್ಲಿ ಸಹಿ ಹಾಕಿದವರನ್ನು ಹೇಡಿಗಳೆಂದು ಕರೆಯಲು ನನಗಂತೂ ಬಾಯಿ ಬರೋದಿಲ್ಲ.

ಭಾಗೋಗೆ ಮಾತ್ರ ಸಹಿಸಲಾಗಲಿಲ್ಲ. ಊರಿಗೆ ಬಂದ ಗಂಡಸರಿಗೆ ಬಳೆ ತೊಟ್ಟು ಮನೆಯಲ್ಲಿರಿ, ಕುದುರೆ ಆಯುಧ ನಮಗೆ ಕೊಡಿ ಎಂದು ಹೆಂಗಸರು ಛೀಮಾರಿ ಹಾಕಿದರೆಂದು ಹೇಳುತ್ತಾರೆ. ಈ ಬಳೆಯ ಬೈಗುಳ ನಮ್ಮ ಕಡೆಯೂ ಉಂಟು, ನನಗೆ ಅದು ಸೇರೋದಿಲ್ಲ. ಆದರೆ ಇಲ್ಲಿ ಬೈದವಳು ಬೈದು ಸುಮ್ಮನೆ ಕೂರಲಿಲ್ಲ. ಗಂಡುಡುಗೆ ತೊಟ್ಟು, ಈಟಿ ಹಿಡಿದು, ಅದೇ ನಲವತ್ತು ಮಂದಿಯನ್ನು ಕರೆದುಕೊಂಡು ತಾನೇ ಹೊರಟಳು.

1705ರಲ್ಲಿ ಖಿದ್ರಾಣಾ ಕೆರೆಯ ಬಳಿ ಸರ್ಹಿಂದದ ವಜೀರ್ ಖಾನನ ಸೈನ್ಯ ಎದುರಾಯಿತು. ಮಂದಿ ಕಡಿಮೆ ಎಂದು ಗೊತ್ತಾಗದಿರಲು ಪೊದೆಗಳ ಮೇಲೆ ಬಟ್ಟೆ ಹರಡಿ ಡೇರೆಗಳಂತೆ ಕಾಣಿಸಿದರಂತೆ. ಆ ಒಣನಾಡಿನಲ್ಲಿ ನೀರು ಯಾರ ಕೈಯಲ್ಲೋ ಗೆಲುವು ಅವರದು. ಮೊಗಲರು ನೀರಿಲ್ಲದೆ ಹಿಂದೆ ಸರಿದರು. ಆದರೆ ನಲವತ್ತು ಜನರಲ್ಲಿ ಯಾರೂ ಉಳಿಯಲಿಲ್ಲ. ಕೊನೆಯುಸಿರು ಎಳೆಯುತ್ತಿದ್ದ ಮಹಾನ್ ಸಿಂಗನ ತಲೆಯನ್ನು ಗುರು ತೊಡೆಯ ಮೇಲಿಟ್ಟುಕೊಂಡರು. ಅವನು ಬೇಡಿದ್ದು ಒಂದೇ, ಆ ಕಾಗದ ಹರಿದುಹಾಕಬೇಕು. ಗುರು ಅದನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದರು, ತೆಗೆದು ಹರಿದರು. ಲೆಕ್ಕಪತ್ರ ಓದುವ ವಿದ್ಯಾರ್ಥಿ ನಾನು. ಸಹಿ ಬಿದ್ದ ಕಾಗದ ಹೀಗೆ ರದ್ದಾದದ್ದು ಬೇರೆಲ್ಲೂ ಓದಿಲ್ಲ. ಆ ಜಾಗವೇ ಇವತ್ತಿನ ಮುಕ್ತಸರ. ಪ್ರತಿ ಜನವರಿಯಲ್ಲಿ ಅಲ್ಲಿ ಮಾಘಿ ಜಾತ್ರೆ ನಡೆಯುತ್ತದೆ.

ಗಾಯಗೊಂಡು ಬದುಕಿದವಳು ಭಾಗೋ. ಆಕೆ ಊರಿಗೆ ಹಿಂತಿರುಗದೆ ಗುರುವಿನ ಅಂಗರಕ್ಷಕರ ಜೊತೆ ಸೇರಿದಳು. 1708ರಲ್ಲಿ ದಖ್ಖನಿಗೆ, ಗೋದಾವರಿ ದಂಡೆಯ ನಾಂದೇಡಿಗೆ ಬಂದಳು. ಅಲ್ಲಿನ ಹಜೂರ್ ಸಾಹೇಬದ ಆವರಣದಲ್ಲಿ ಆಕೆಯ ಹೆಸರಿನ ಬುಂಗಾ ಇದೆ.

ಅದೇ ವರ್ಷ ಬಂದಾ ಸಿಂಗ್ ಕಾಳಗಕ್ಕೆಂದು ನಾಂದೇಡಿನಿಂದ ಪಂಜಾಬಿಗೆ ಹೊರಟ. ಅಕ್ಟೋಬರಿನಲ್ಲಿ ಗುರು ತೀರಿಕೊಂಡರು. ಈಟಿ ಹಿಡಿದು ಪಳಗಿದ ಈಕೆ ಉತ್ತರಕ್ಕೆ ಹೋಗಬೇಕಿತ್ತು, ಅಲ್ಲವೇ? ಹೋಗಲಿಲ್ಲ. ಇನ್ನೂ ದಕ್ಷಿಣಕ್ಕೆ ಇಳಿದು ಬೀದರಿನ ಸೀಮೆಗೆ ಬಂದಳು. ಗುರುವಿನ ಪಂಚಪ್ಯಾರೆಗಳಲ್ಲಿ ಒಬ್ಬನಾದ ಸಾಹಿಬ್ ಸಿಂಗನೂ ಬೀದರಿನವನೇ ಎಂಬುದು ನಂಬಿಕೆ. ಜನವಾಡದಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಜಪ ಮಾಡುತ್ತ, ಬಂದವರಿಗೆ ಗುರುವಿನ ಮಾತು ಹೇಳುತ್ತ ವಯಸ್ಸಾಗುವವರೆಗೂ ಇದ್ದಳು. ಗಂಡ ಸತ್ತದ್ದು ಖಿದ್ರಾಣಾದಲ್ಲಿ, ತವರು ನೂರಾರು ಹರದಾರಿ ದೂರ, ಸುತ್ತಲೂ ಬೇರೆ ಭಾಷೆಯ ಮಂದಿ. ಪರಊರಿನಲ್ಲಿ ಓದುವ ನಮಗೆ ಇದು ಸ್ವಲ್ಪವಾದರೂ ಅರ್ಥವಾಗಬೇಕು.

ಯುದ್ಧದ ಭಾಗವನ್ನು ಎಲ್ಲರೂ ಹೇಳ್ತಾರೆ, ಚಿತ್ರಗಳಲ್ಲೂ ಆಕೆ ಈಟಿಯೊಂದಿಗೇ ನಿಲ್ಲುತ್ತಾಳೆ. ಜನವಾಡದ ವರ್ಷಗಳನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಆದರೆ ಹಳ್ಳಿಯ ಗುರುದ್ವಾರದ ಹೆಸರಿನಲ್ಲಿ ಕಾಳಗದ ಸುಳಿವೇ ಇಲ್ಲ. ಗುಡಿಸಲಿದ್ದ ಆ ಜಾಗವನ್ನು ಮಾಯಿ ಭಾಗೋಳ ತಪಸ್ಥಾನ ಎಂದೇ ಕರೆಯುತ್ತಾರೆ.