ಆಯುರ್ದಾನ ಪಡೆದ ಶ್ರೀ ಜಗನ್ನಾಥದಾಸರು

ವಡಾಲದ ವಿಠ್ಠಲ ಮಂದಿರದಲ್ಲಿ ಆಷಾಢ ಏಕಾದಶಿಯಂದು ಸರತಿಯಲ್ಲಿ ನಿಲ್ಲುವ ಕನ್ನಡಿಗರಿಗೆ ಜಗನ್ನಾಥವಿಠಲ ಎಂಬ ಅಂಕಿತ ಅಪರಿಚಿತವೇನಲ್ಲ. ಇಂದಿನ ರಾಯಚೂರು ಜಿಲ್ಲೆಯ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಮಾನ್ವಿಗೆ ಬಂದ ವಿಜಯದಾಸರು ಭೋಜನಕ್ಕೆ ಆಹ್ವಾನಿಸಿದಾಗ ಹೊಟ್ಟೆನೋವಿನ ನೆಪವೊಡ್ಡಿದರು. ಆ ನೆಪವೇ ನಿಜವಾಗಿ ಪ್ರಾಣಾಂತಿಕ ಉದರಶೂಲೆ ಕಾಡಿತೆಂದು ಸಂಪ್ರದಾಯ ಹೇಳುತ್ತದೆ. ಮಂತ್ರಾಲಯದಲ್ಲಿ ರಾಯರ ಸೇವೆಗೆ ನಿಂತು ಪ್ರಾರ್ಥಿಸಿದರು. ದೈವಕೃಪೆ ಲಭಿಸಿತು, ಆದರೆ ತಾವು ಅವಮಾನಿಸಿದವರ ಮೂಲಕವೇ! ಕ್ಷಮೆ ಯಾಚಿಸಿದ ಅವರನ್ನು ವಿಜಯದಾಸರು ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗುರುವಿನ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನೇ ಧಾರೆಯೆರೆದರು. ಯಾವ ಬ್ಯಾಂಕಿನ ಖಾತೆಯಲ್ಲೂ ಬರೆಯಲಾಗದ ಜಮೆಯಿದು. ಪಂಢರಪುರದ ಚಂದ್ರಭಾಗೆಯಲ್ಲಿ ಅಂಕಿತ ದೊರೆತು ಆಚಾರ್ಯರು ಜಗನ್ನಾಥದಾಸರಾದರು. ಕಡೆಗಣಿಸಿದ್ದ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ, ಹರಿಕಥಾಮೃತಸಾರ ರಚಿಸಿದರು. ಗೋಪಾಲದಾಸರು ಬಹುಬೇಗ ಹರಿಪಾದ ಸೇರಿದರು. ಜಗನ್ನಾಥದಾಸರು 1809ರವರೆಗೆ ಬಾಳಿ ಮಾನ್ವಿಯಲ್ಲಿ ದೇಹವಿಟ್ಟರು.