ಚಿತ್ರವನ್ನು ಓದಲು ಕಲಿಸಿದ ಗುರು

ಮಕ್ಕಳ ಕೈಗೆ ಚಿತ್ರಪುಸ್ತಕವನ್ನು ಕೊಡುವುದು ಇಂದು ಸಾಧಾರಣವಾದ ಸಂಗತಿ. ಚಿತ್ರವನ್ನು ಪಾಠವಾಗಿ ಓದಿಸುವ ಕ್ರಮವನ್ನು ತೋರಿಸಿದವರಲ್ಲಿ ಅಗ್ರಗಣ್ಯನಾದ ಯೋಹಾನ್ ಆಮೋಸ್ ಕೊಮೇನಿಯಸನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಸಲಿಚ್ಛಿಸುತ್ತೇವೆ.

ಆತನು 1592ರಲ್ಲಿ ಮೊರಾವಿಯ ಸೀಮೆಯಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆತಾಯಿಗಳು ತೀರಿಹೋದುದರಿಂದ ಹದಿನಾರನೆಯ ವಯಸ್ಸಿಗೆ ಲ್ಯಾಟಿನ್ ಕಲಿಯತೊಡಗಿದನು. ಆ ಕಾಲದ ಶಾಲೆಗಳಲ್ಲಿ ವಸ್ತುವನ್ನು ಕಾಣದೆಯೇ ಶಬ್ದವನ್ನು ಉರುಹೊಡೆಯಬೇಕಾಗಿತ್ತು. ಮುಂದೆ ಸಹೋದರ ಸಭೆಯ ಬೋಧಕನಾದನು. 1622ರ ಸುಮಾರಿಗೆ ವ್ಯಾಧಿಯು ಆತನ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಒಯ್ದಿತು. ಮತದ ನಿಮಿತ್ತ 1628ರಲ್ಲಿ ಸ್ವದೇಶವನ್ನು ಬಿಟ್ಟು ಪೋಲೆಂಡಿನ ಲೆಸ್ನೊ ಪಟ್ಟಣವನ್ನು ಸೇರಿದನು. ತಿರುಗಿ ಸ್ವದೇಶದಲ್ಲಿ ನೆಲೆಸುವ ಭಾಗ್ಯ ಆತನಿಗೆ ದೊರೆಯಲಿಲ್ಲ.

1650ರಲ್ಲಿ ಹಂಗೇರಿಯ ಒಂದು ಶಾಲೆಯನ್ನು ತಿದ್ದಲು ಹೋದಾಗ ಚಿತ್ರಪುಸ್ತಕವನ್ನು ರಚಿಸಿದನು. ಅಚ್ಚುಗಳನ್ನು ಕೊರೆಯಬಲ್ಲವರು ಅಲ್ಲಿ ಸಿಕ್ಕದೆ ಹಸ್ತಪ್ರತಿಯನ್ನು ಜರ್ಮನಿಯ ನ್ಯೂರೆಂಬರ್ಗಿಗೆ ಕಳುಹಿಸಬೇಕಾಯಿತು. ಅಷ್ಟರಲ್ಲಿ, 1656ರಲ್ಲಿ, ಯುದ್ಧದ ಬೆಂಕಿಯಿಂದ ಲೆಸ್ನೊ ಸುಟ್ಟುಹೋಯಿತು; ನಾಲ್ವತ್ತು ವರುಷಗಳಿಗಿಂತ ಹೆಚ್ಚು ಕಾಲ ಕೂಡಿಸಿದ್ದ ಚೆಕ್ ಭಾಷೆಯ ನಿಘಂಟೂ ಬೂದಿಯಾಯಿತು. ನ್ಯೂರೆಂಬರ್ಗಿನಲ್ಲಿದ್ದ ಚಿತ್ರಪುಸ್ತಕವೋ 1658ರಲ್ಲಿ ಪ್ರಕಟವಾಯಿತು.

ಅದರಲ್ಲಿ ಸುಮಾರು 150 ಪಾಠಗಳುಂಟು. ಮೊದಲಲ್ಲಿ ಅಕ್ಷರಗಳು: ಆ ಎಂಬುದಕ್ಕೆ ಕೂಗುವ ಕಾಗೆ, ಬೇ ಎಂಬುದಕ್ಕೆ ಕುರಿಮರಿ, ಸಕಾರಕ್ಕೆ ಬುಸುಗುಟ್ಟುವ ಹಾವು. ಆಮೇಲೆ ರೊಟ್ಟಿ ಸುಡುವವನ ಮನೆ, ತೋಟ, ಶಾಲೆ ಮುಂತಾದವು. ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಒಂದು ಅಂಕೆ. ಕೆಳಗಿನ ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳಲ್ಲಿ ಅದೇ ಅಂಕೆ. ಮಗುವಿನ ಕಣ್ಣು ಚಿತ್ರಕ್ಕೂ ಶಬ್ದಕ್ಕೂ ಹೋಗಿ ಬರುತ್ತಾ ಅರ್ಥವನ್ನು ತಾನೇ ಹುಡುಕಿಕೊಳ್ಳುವುದು. ಗೋಡೆಗೆ ಚಿತ್ರಪಟವನ್ನು ತೂಗುಹಾಕಿದ ಮಾತ್ರಕ್ಕೆ ಮಕ್ಕಳು ಅದನ್ನು ನೋಡಿಬಿಡುವರೆಂದು ನಾವೂ ಒಂದು ಕಾಲದಲ್ಲಿ ನಂಬಿದ್ದೆವು! ಕೊಮೇನಿಯಸನು ಹಾಗೆ ನಂಬಲಿಲ್ಲ. ಸಾಧ್ಯವಾದಲ್ಲಿ ನಿಜವಾದ ವಸ್ತುವನ್ನೂ ತೋರಿಸಬೇಕು, ಮಕ್ಕಳು ಚಿತ್ರವನ್ನು ತಮ್ಮ ಕೈಯಿಂದ ಬರೆದು ನೋಡಬೇಕು ಎಂದು ಉಪಾಧ್ಯಾಯರಿಗೆ ವಿಧಿಸಿದನು.

ನಮಗೆ ಅತಿ ಸೋಜಿಗವೆನಿಸುವುದು ಆತ್ಮದ ಪಾಠ. ಕಾಣದ ಆತ್ಮವನ್ನು ಬರೆಯುವುದೆಂತು? ಹರಡಿದ ಬಟ್ಟೆಯ ಮೇಲೆ ಬರಿಯ ಚುಕ್ಕೆಗಳಿಂದಾದ ಮನುಷ್ಯಾಕಾರವೊಂದು ಅಲ್ಲಿದೆ, ಕಣ್ಣು ಮೂಗುಗಳಿಲ್ಲ. ಅದು ಆತ್ಮದ ರೂಪವಲ್ಲ, ಗುರುತು ಮಾತ್ರವೆಂಬುದನ್ನು ಮಗು ತಿಳಿಯಬೇಕಾದರೆ ಗುರುವು ಬಳಿಯಲ್ಲಿ ಕುಳಿತು ಮಾತನಾಡಲೇಬೇಕು.

ಮರುವರುಷವೇ ಇಂಗ್ಲಿಷ್ ಆವೃತ್ತಿ ಹೊರಬಂದಿತು. ಹೆಣ್ಣುಮಕ್ಕಳಿಗೂ ವಿದ್ಯೆ ಸಲ್ಲಬೇಕೆಂದು ಆ ಕಾಲದಲ್ಲಿಯೇ ವಾದಿಸಿದ ಈ ಪುಣ್ಯಾತ್ಮನು 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡನು. ಆತನ ಸಮಾಧಿಯು ನಾರ್ಡನ್ ಪಟ್ಟಣದಲ್ಲಿದೆ.