ಗಾನಕೋಗಿಲೆ ಅಮೀರಬಾಯಿ ಕರ್ನಾಟಕಿ

ಈ ಸಲ ನಾನು ಅಮೀರಬಾಯಿ ಕರ್ನಾಟಕಿ ಅವರ ಬಗ್ಗೆ ಬರೆದಿದ್ದೇನೆ. ಇವರ ಊರು ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿ. ಸಹೋದರಿ ಗೋಹರಬಾಯಿಯೂ ಹಾಡುಗಾರ್ತಿ. ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಸಿನಿಮಾದಾಗ ಹಾಡಿದರು. 1943ರ ಕಿಸ್ಮತ್ ಚಿತ್ರಕ್ಕೆ ಸಂಗೀತ ಅನಿಲ್ ಬಿಸ್ವಾಸ್ ಅವರದು, ಹಾಡು ಇವರದು. ಆ ಚಿತ್ರ ಕಲ್ಕತ್ತಾದ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು! ಕನ್ನಡ ಹಾಡುಗಳನ್ನೂ ಗ್ರಾಮಫೋನ್ ತಟ್ಟೆಗೆ ಹಾಡಿದ್ದಾರೆ. ತಟ್ಟೆಯ ಒಂದು ಬದಿಗೆ ಸುಮಾರು ಮೂರೇ ನಿಮಿಷ. ಆಮೇಲೆ ತಿರುವಿ ಹಾಕಬೇಕು.

ನನಗ ಭಾಳ ಸೇರಿದ್ದು ಅವರ ಹೆಸರು. ಆಗ ಬೀಳಗಿ, ನಮ್ಮ ಚಿಕ್ಕೋಡಿ ಎಲ್ಲಾ ಮುಂಬಯಿ ಪ್ರಾಂತದಾಗ ಇದ್ದವು. ಕರ್ನಾಟಕ ಅನ್ನೋ ರಾಜ್ಯನ ಇರಲಿಲ್ಲ. ಆದರೂ ಹಿಂದಿ ಹಾಡಿನ ತಟ್ಟೆ ಮ್ಯಾಲೂ ಕರ್ನಾಟಕಿ ಅಂತ ಹೆಸರು ಇರುತ್ತಿತ್ತು. ಅವರು 1965ರಲ್ಲಿ ತೀರಿಕೊಂಡರು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ.